ಏಕತ್ವ ಭಾವನೆಯೂ ಒಂಟಿ ಮುಪ್ಪೂ

ಹನ್ನೆರಡು ಅನುಪ್ರೇಕ್ಷೆಗಳಲ್ಲಿ, ತತ್ವಾರ್ಥಸೂತ್ರದ ಕ್ರಮದಂತೆ, ನಾಲ್ಕನೆಯದು ಏಕತ್ವಾನುಪ್ರೇಕ್ಷೆ. ಜನ್ಮದಲ್ಲಿ ಜೀವನಿಗೆ ಜೊತೆಯಿಲ್ಲ, ಮರಣದಲ್ಲಿ ಜೊತೆಯಿಲ್ಲ, ಕರ್ಮಫಲವನ್ನು ಅನುಭವಿಸುವಾಗ ಪಾಲುದಾರರಿಲ್ಲ ಎಂದು ಮತ್ತೆ ಮತ್ತೆ ಚಿಂತಿಸುವುದೇ ಇದರ ಸ್ವರೂಪ. ಅದೇ ಗ್ರಂಥದ ಐದನೆಯ ಅಧ್ಯಾಯದಲ್ಲಿ ದ್ರವ್ಯಗಳ ಉಪಕಾರವನ್ನು ಹೇಳುವ ಪ್ರಕರಣವಿದೆ. ಧರ್ಮದ್ರವ್ಯವು ಗತಿಗೆ, ಅಧರ್ಮದ್ರವ್ಯವು ಸ್ಥಿತಿಗೆ, ಆಕಾಶವು ಅವಕಾಶಕ್ಕೆ ನೆರವಾಗುವಂತೆ, ಜೀವರು ಒಬ್ಬರಿಗೊಬ್ಬರು ನೆರವಾಗುವುದೇ ಜೀವದ್ರವ್ಯದ ಉಪಕಾರವೆಂದು ಆಚಾರ್ಯರು ಅಲ್ಲಿ ತಿಳಿಸುತ್ತಾರೆ. ಜೀವನು ಒಂಟಿ ಎಂಬುದೂ, ಜೀವರು ಪರಸ್ಪರ ಆಸರೆ ಎಂಬುದೂ ಒಂದೇ ಗ್ರಂಥದ ಮಾತುಗಳು. ಇವೆರಡರಲ್ಲಿ ವಿರೋಧವಿದೆಯೆ? ಇಲ್ಲವಾದರೆ, ಮುಪ್ಪಿನಲ್ಲಿ ಒಂಟಿಯಾಗಿ ಉಳಿದ ನೆರೆಮನೆಯ ಹಿರಿಯರ ವಿಷಯದಲ್ಲಿ ಶ್ರಾವಕನು ಯಾವ ಮಾತನ್ನು ಹಿಡಿದು ನಡೆಯಬೇಕು? ಈ ಪ್ರಶ್ನೆಯನ್ನು ವ್ರತದ ದೃಷ್ಟಿಯಿಂದ ವಿಚಾರಿಸುವುದು ಇಂದು ಅಗತ್ಯವಾಗಿದೆ.

ಅಗತ್ಯವೆನ್ನಲು ಕಾರಣವನ್ನು ದೂರದಲ್ಲಿ ಹುಡುಕಬೇಕಿಲ್ಲ. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು. ಗಿರಣಿಯ ಕೂಗು ಕೇಳಿ ಮನೆಯವರು ಹೊತ್ತನ್ನು ತಿಳಿಯುತ್ತಿದ್ದ ಕಾಲವದು. ಸುಮಾರು 14 ಕಿಲೋಮೀಟರು ದೂರದಲ್ಲಿ, ತುಂಗಭದ್ರೆಯ ದಡದ ಹರಿಹರದಲ್ಲಿ, 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ಕಾರ್ಖಾನೆಯೂ ನಿಂತಿತು. 1997ರಲ್ಲಿ ದಾವಣಗೆರೆ ಜಿಲ್ಲಾ ಕೇಂದ್ರವಾಯಿತು. ಕಾಲೇಜುಗಳೂ ಆಸ್ಪತ್ರೆಗಳೂ ಬೆಳೆದವು. ಆದರೆ ಆ ಕಾಲೇಜುಗಳಲ್ಲಿ ಓದಿದ ಮಕ್ಕಳು ಉದ್ಯೋಗಕ್ಕಾಗಿ ಬೆಂಗಳೂರಿಗೆ, ಪುಣೆಗೆ, ಸಮುದ್ರದಾಚೆಗೆ ಹೋದರು. ಹಳೆಯ ಮನೆಗಳಲ್ಲಿ ಉಳಿದವರು ತಂದೆತಾಯಿಯರು. ಕ್ರಮೇಣ ಅವರಲ್ಲೂ ಒಬ್ಬರು ಅಗಲಿ, ಒಬ್ಬರೇ ಉಳಿದರು. ಮಕ್ಕಳು ಹಣ ಕಳುಹಿಸುತ್ತಾರೆ, ದೂರವಾಣಿಯಲ್ಲಿ ಮಾತನಾಡುತ್ತಾರೆ. ಅವರಲ್ಲಿ ಬಹುಮಂದಿ ಕೆಟ್ಟವರಲ್ಲ. ಆದರೂ ಮಧ್ಯಾಹ್ನ ಎರಡು ಗಂಟೆಯಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಆ ಹಿರಿಯ ಜೀವಗಳು ಬಾಗಿಲ ಕಡೆ ನೋಡುತ್ತ ಕಳೆಯುತ್ತವೆ.

ಇದು ಎರಡು ಊರುಗಳ ಕಥೆ ಮಾತ್ರವಲ್ಲ. 2011ರ ಜನಗಣತಿಯಲ್ಲಿಯೇ ಭಾರತದಲ್ಲಿ 60 ವರ್ಷ ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. 2018ರಲ್ಲಿ ಬ್ರಿಟನ್ ದೇಶವು ಒಂಟಿತನದ ವಿಷಯಕ್ಕೆಂದೇ ಒಬ್ಬ ಮಂತ್ರಿಯನ್ನು ನೇಮಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ವರದಿಯಲ್ಲಿ, ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಾರೆಂದೂ, ಅದರಿಂದ ದೇಹದ ಆರೋಗ್ಯವೂ ಕುಗ್ಗುತ್ತದೆಂದೂ ತಿಳಿಸಿತು. ಹಲವು ಕಡೆಗಳಲ್ಲಿ ಸ್ವಯಂಸೇವಕರು ವಾರಕ್ಕೊಮ್ಮೆ ಒಬ್ಬ ವೃದ್ಧರ ಮನೆಗೆ ಹೋಗಿ ಕುಳಿತು ಮಾತನಾಡಿ ಬರುವ ಪದ್ಧತಿ ಬೆಳೆದಿದೆ. ಅವರು ಔಷಧ ಕೊಡುವವರಲ್ಲ, ಅಡುಗೆ ಮಾಡುವವರಲ್ಲ; ಗೆಳೆತನಕ್ಕಾಗಿಯೇ ಹೋಗುವವರು.

ಇಲ್ಲಿ ಜಿಜ್ಞಾಸುವಾದ ಶ್ರಾವಕನಲ್ಲಿ ಮೊದಲನೆಯ ಸಂದೇಹ ಹುಟ್ಟುವುದು ಸಹಜ. ಏಕಾಂತವನ್ನು ಜೈನಶಾಸ್ತ್ರವು ಮೆಚ್ಚಿದೆ. ಆರು ಬಾಹ್ಯ ತಪಸ್ಸುಗಳಲ್ಲಿ ವಿವಿಕ್ತಶಯ್ಯಾಸನವೂ ಒಂದು. ಜನರಿಲ್ಲದ ಸ್ಥಳದಲ್ಲಿ ಇರುವುದು, ಮಲಗುವುದು ಅಲ್ಲಿ ಸಾಧನೆಯೇ ಆಗಿದೆ. ಹಾಗಾದರೆ ಮುಪ್ಪಿನ ಒಂಟಿತನವನ್ನು ದುಃಖವೆಂದು ಏಕೆ ಎಣಿಸಬೇಕು?

ಉಪವಾಸದ ದೃಷ್ಟಾಂತದಿಂದ ಇದು ಸ್ಪಷ್ಟವಾಗುತ್ತದೆ. ಅಷ್ಟಮಿಯಂದು ಸಂಕಲ್ಪಪೂರ್ವಕವಾಗಿ ಆಹಾರವನ್ನು ತ್ಯಜಿಸಿದವನಿಗೂ, ಮನೆಯಲ್ಲಿ ಅಕ್ಕಿಯಿಲ್ಲದೆ ಹಸಿದು ಮಲಗಿದವನಿಗೂ ಹೊಟ್ಟೆಯ ಸ್ಥಿತಿ ಒಂದೇ. ಆದರೆ ಮೊದಲನೆಯದು ವ್ರತ, ಎರಡನೆಯದು ಹಸಿವು. ಹಸಿದವನಿಗೆ ಉಪವಾಸದ ಮಹಿಮೆಯನ್ನು ಬೋಧಿಸುವ ಶ್ರಾವಕನಿಲ್ಲ. ಇದ್ದರೆ ಅವನು ಶ್ರಾವಕನಲ್ಲ. ಹಾಗೆಯೇ ತಾನಾಗಿ ಆರಿಸಿಕೊಂಡ ಏಕಾಂತವು ತಪಸ್ಸು; ಬೇರೆಯವರು ಎದ್ದುಹೋದುದರಿಂದ ಉಳಿದುಹೋದ ಒಂಟಿತನವು ತಪಸ್ಸಲ್ಲ. ಒಬ್ಬಳಿಗಾಗಿ ಒಲೆ ಹೊತ್ತಿಸುವುದೇಕೆಂದು ಒಪ್ಪತ್ತು ಉಣ್ಣುವ ವೃದ್ಧೆಯ ಊಟವನ್ನು ಏಕಭುಕ್ತವೆಂದು ಕರೆಯಲಾಗದು.

ಎರಡನೆಯ ಸಂದೇಹವು ಕರ್ಮಸಿದ್ಧಾಂತದಿಂದ ಬರುತ್ತದೆ. ಆ ವೃದ್ಧೆಯ ದುಃಖವು ಅಸಾತಾವೇದನೀಯದ ಉದಯವಲ್ಲವೆ? ಇಚ್ಛೆಯಿಲ್ಲದೆ ಬಂದ ಕಷ್ಟವನ್ನು ಶಾಂತವಾಗಿ ಸಹಿಸಿದರೆ ಅಕಾಮನಿರ್ಜರೆಯಾಗುತ್ತದೆಂದು ಶಾಸ್ತ್ರವೇ ಹೇಳಿಲ್ಲವೆ? ಹೇಳಿದೆ, ನಿಜ. ಆದರೆ ಅದು ಕಷ್ಟಪಡುವ ಜೀವದ ಪರಿಣಾಮವನ್ನು ಕುರಿತ ಮಾತು. ನೋಡುತ್ತ ಕುಳಿತವನಿಗೆ ಕೊಟ್ಟ ರಿಯಾಯಿತಿಯಲ್ಲ. ತನ್ನಲ್ಲಾಗಲಿ ಪರರಲ್ಲಾಗಲಿ ದುಃಖಶೋಕಗಳನ್ನು ಉಂಟುಮಾಡುವುದು ಅಸಾತಾವೇದನೀಯದ ಆಸ್ರವಕ್ಕೂ, ಪ್ರಾಣಿಗಳಲ್ಲಿಯೂ ವ್ರತಿಗಳಲ್ಲಿಯೂ ಅನುಕಂಪೆ ತೋರುವುದು ಸಾತಾವೇದನೀಯದ ಆಸ್ರವಕ್ಕೂ ಕಾರಣವೆಂದು ತತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಬೋಧಿಸುತ್ತದೆ. ಕರ್ಮದ ಉದಯಕ್ಕೆ ದ್ರವ್ಯ, ಕ್ಷೇತ್ರ, ಕಾಲ, ಭಾವಗಳೆಂಬ ನಿಮಿತ್ತಗಳು ಬೇಕು. ಮುಚ್ಚಿದ ಬಾಗಿಲು ಒಂದು ನಿಮಿತ್ತವಾಗಬಲ್ಲುದಾದರೆ, ಆ ಬಾಗಿಲನ್ನು ತಟ್ಟಿದ ಕೈಯೂ ಇನ್ನೊಂದು ನಿಮಿತ್ತವಾಗಬಲ್ಲುದು.

ಮೂರನೆಯ ಸಂದೇಹವು ಇವೆರಡಕ್ಕಿಂತ ಸೂಕ್ಷ್ಮವಾದುದು. ಸಂಸಾರದ ಮೋಹವನ್ನು ಬಿಡಬೇಕಾದ ವಯಸ್ಸಿನಲ್ಲಿ, ಹೊಸ ಗೆಳೆತನದಿಂದ ಹೊಸ ರಾಗವನ್ನು ಹುಟ್ಟಿಸಿದಂತಾಗುವುದಿಲ್ಲವೆ? ಏಕತ್ವ ಭಾವನೆಗೆ ಅನುಕೂಲವಾದ ಸ್ಥಿತಿಯನ್ನು ಕೆಡಿಸಿದಂತಾಗುವುದಿಲ್ಲವೆ?

ಇದಕ್ಕೆ ಉತ್ತರವು ಸಲ್ಲೇಖನೆಯ ವಿಧಿಯಲ್ಲಿಯೇ ಇದೆ. ಏಕತ್ವ ಭಾವನೆಯನ್ನು ತುತ್ತತುದಿಗೆ ಒಯ್ದವನು ಸಲ್ಲೇಖನೆಯನ್ನು ಕೈಗೊಂಡ ಕ್ಷಪಕ. ಮನೆ, ಬಂಧುಗಳು, ಗಣದ ಅಧಿಕಾರ, ಕಡೆಗೆ ದೇಹದ ಮಮತೆಯನ್ನೂ ಬಿಡಲು ಹೊರಟವನು ಅವನು. ಒಂಟಿಯಾಗಿರಲು ಯಾರಿಗಾದರೂ ಅರ್ಹತೆಯಿದ್ದರೆ ಅವನಿಗಿರಬೇಕು. ಆದರೆ ಶಿವಾರ್ಯರ ಭಗವತೀ ಆರಾಧನೆಯು ಅವನ ಸುತ್ತ 48 ನಿರ್ಯಾಪಕರನ್ನು ನಿಲ್ಲಿಸುತ್ತದೆ. ಕೆಲವರು ಅವನನ್ನು ಎತ್ತಿ ಕೂರಿಸಲು, ಹೊರಳಿಸಲು. ಕೆಲವರು ಧರ್ಮಕಥೆಯನ್ನು ಹೇಳಲು. ಕೆಲವರು ಬಾಗಿಲನ್ನು ಕಾಯಲು. ಕೆಲವರು ರಾತ್ರಿಯೆಲ್ಲ ಎಚ್ಚರವಿರಲು. ಕಾಲದೋಷದಿಂದ ಅಷ್ಟು ಮಂದಿ ದೊರೆಯದಿದ್ದರೆ ಸಂಖ್ಯೆಯನ್ನು ಇಳಿಸುತ್ತ ಬರಬಹುದು. ಆದರೆ ಇಬ್ಬರಿಗಿಂತ ಕಡಿಮೆಯಾಗಬಾರದು. ಒಬ್ಬನೇ ಇದ್ದರೆ ಅವನು ಆಹಾರಕ್ಕೋ ದೇಹಬಾಧೆಗೋ ಎದ್ದುಹೋದಾಗ ಕ್ಷಪಕನು ಒಂಟಿಯಾಗುತ್ತಾನೆ, ಅವನ ಪರಿಣಾಮಗಳು ಕದಡಬಹುದು ಎಂಬುದೇ ಇದರ ಅಭಿಪ್ರಾಯ.

ಇದನ್ನು ನಿಧಾನವಾಗಿ ಮನನ ಮಾಡಬೇಕು. ತಾನು ಒಬ್ಬನೇ ಎಂದು ಚಿಂತಿಸುವವನನ್ನು ಶಾಸ್ತ್ರವು ಒಬ್ಬನನ್ನೇ ಬಿಟ್ಟಿಲ್ಲ. ಸಂಗಾತಿಗಳಿರುವುದರಿಂದ ಅವನ ಏಕತ್ವ ಭಾವನೆ ಕೆಡುವುದಿಲ್ಲ. ಅವರಿಲ್ಲದಿದ್ದರೆ ಭಯದಿಂದ, ಆರ್ತಧ್ಯಾನದಿಂದ ಕೆಡುತ್ತದೆ. ಏಕತ್ವವು ಒಬ್ಬನು ತನ್ನನ್ನು ಕುರಿತು ಚಿಂತಿಸತಕ್ಕ ಭಾವನೆ. ಅದನ್ನು ಇನ್ನೊಬ್ಬರ ಮೇಲೆ ಹೇರಿ ಅವರ ಬಾಗಿಲಿನಿಂದ ದೂರ ಸರಿಯುವುದು ಭಾವನೆಯಲ್ಲ, ಉಪೇಕ್ಷೆ. ತನ್ನ ವಿಷಯದಲ್ಲಿ ಏಕತ್ವ, ಪರರ ವಿಷಯದಲ್ಲಿ ಉಪಗ್ರಹ: ಈ ರೀತಿಯಲ್ಲಿ ಆ ಎರಡು ಮಾತುಗಳು ವಿರೋಧವಿಲ್ಲದೆ ನಿಲ್ಲುತ್ತವೆ.

ಈ ನಾಡಿನ ಪರಂಪರೆಯಲ್ಲಿ ಇದಕ್ಕೆ ಹಿರಿಯ ನಿದರ್ಶನವಿದೆ. ಹನ್ನೆರಡು ವರ್ಷಗಳ ಕ್ಷಾಮವನ್ನು ಅರಿತು ದಕ್ಷಿಣಕ್ಕೆ ಬಂದ ಭದ್ರಬಾಹು ಸ್ವಾಮಿಗಳು ತಮ್ಮ ಆಯುಷ್ಯವು ಮುಗಿಯುತ್ತ ಬಂದುದನ್ನು ತಿಳಿದು, ಕಳ್ವಪ್ಪು ಎಂದು ಹೆಸರಾಗಿದ್ದ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ನಿಂತರು. ಸಂಘವನ್ನು ಮುಂದಕ್ಕೆ ಕಳುಹಿಸಿದರು. ಸಾಮ್ರಾಜ್ಯವನ್ನೇ ತೊರೆದು ದೀಕ್ಷೆ ಪಡೆದಿದ್ದ ಚಂದ್ರಗುಪ್ತ ಮುನಿಗಳು ಮಾತ್ರ ಹೋಗಲಿಲ್ಲ. ರಾಜ್ಯವನ್ನು ಬಿಟ್ಟುಬರಬಲ್ಲವರಾಗಿದ್ದ ಅವರು ಒಬ್ಬ ವೃದ್ಧ ಗುರುವನ್ನು ಬಿಟ್ಟುಹೋಗಲಾರದೆ ಉಳಿದರೆಂದು ಪರಂಪರೆಯು ಹೇಳುತ್ತದೆ. ಆ ಬೆಟ್ಟಕ್ಕೆ ಚಂದ್ರಗಿರಿ ಎಂಬ ಹೆಸರು ಉಳಿದುದು ಗುರುವಿನ ಬಳಿ ಉಳಿದ ಶಿಷ್ಯನಿಂದ.

ಮುನಿಗಳ ವಿಷಯ ಸರಿ, ಗೃಹಸ್ಥರ ಮಾತೇನು ಎಂದು ಕೇಳಬಹುದು. ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ನಾಲ್ಕನೆಯ ಶಿಕ್ಷಾವ್ರತಕ್ಕೆ ವೈಯಾವೃತ್ಯವೆಂಬ ಹೆಸರನ್ನೇ ಕೊಟ್ಟಿದ್ದಾರೆ. ಅಲ್ಲಿ ಮುಖ್ಯವಾಗಿ ಉದ್ದೇಶಿಸಿರುವುದು ಮನೆಯಿಲ್ಲದ ತಪೋಧನರ ಸೇವೆಯನ್ನು. ಅದನ್ನು ಮರೆಮಾಡಿ ಅರ್ಥವನ್ನು ಹಿಗ್ಗಿಸುವುದು ಪ್ರಾಮಾಣಿಕವಲ್ಲ. ಗೃಹಸ್ಥರು ಗೃಹಸ್ಥರಿಗೆ ಮಾಡುವ ನೆರವಿಗೆ ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಬೇರೆ ಆಧಾರವಿದೆ. ಅಲ್ಲಿ ದತ್ತಿಯು ನಾಲ್ಕು ವಿಧ. ದೀನರಿಗೆ ಅಭಯ ಕೊಡುವುದು ದಯಾದತ್ತಿ, ತಪಸ್ವಿಗಳಿಗೆ ಕೊಡುವುದು ಪಾತ್ರದತ್ತಿ, ಆಚಾರದಲ್ಲಿ ತನಗೆ ಸಮಾನರಾದವರಿಗೆ ಕೊಡುವುದು ಸಮದತ್ತಿ, ವಂಶದವನಿಗೆ ಎಲ್ಲವನ್ನೂ ಒಪ್ಪಿಸುವುದು ಅನ್ವಯದತ್ತಿ. ಒಂಟಿ ಹಿರಿಯರ ಮನೆಗೆ ಹೋಗುವವರು ಬಹಳ ಸಲ ದಯಾದತ್ತಿಯ ಮನಸ್ಸಿನಿಂದ ಹೋಗುತ್ತಾರೆ. ಅದನ್ನು ಹಿರಿಯರು ಮೊದಲ ದಿನವೇ ಗುರುತಿಸುತ್ತಾರೆ. ಕುರ್ಚಿ ಕೊಡುತ್ತಾರೆ, ಮನಸ್ಸನ್ನು ಕೊಡುವುದಿಲ್ಲ. ಐವತ್ತು ವರ್ಷ ದೇವದರ್ಶನವಿಲ್ಲದೆ ಉಣ್ಣದವರು, ಹತ್ತಾರು ನೋಂಪಿಗಳನ್ನು ಉದ್ಯಾಪನೆ ಮಾಡಿದವರು, ಲೇತಿನ ಮುಂದೆ ನಿಂತು ನೂಲಿನೆಳೆಯಷ್ಟೂ ತಪ್ಪದಂತೆ ಲೋಹವನ್ನು ಕಡೆದವರು ದೀನರಲ್ಲ. ಅವರಲ್ಲಿಗೆ ಹೋಗುವುದು ಸಮದತ್ತಿ. ಅಲ್ಲಿಂದ ಕಲಿತು ಬರುವುದೂ ಉಂಟು. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳಲ್ಲಿ ಕಾರುಣ್ಯವು ಬಾಗಿಲವರೆಗೆ ಕರೆದೊಯ್ಯಬಹುದು. ಒಳಗೆ ಕುಳಿತ ಮೇಲೆ ಬೇಕಾದುದು ಮೈತ್ರಿ ಮತ್ತು ಪ್ರಮೋದ.

ಈ ಸೇವೆಯನ್ನು ವ್ರತದಂತೆ ಹಿಡಿಯಬೇಕೇ, ಬಿಡುವಾದಾಗ ಮಾಡಿದರೆ ಸಾಲದೇ ಎಂಬುದು ಮುಂದಿನ ಪ್ರಶ್ನೆ. ಒಂದು ಸಂದರ್ಭವನ್ನು ಕಲ್ಪಿಸಿಕೊಂಡರೆ ಉತ್ತರ ತಿಳಿಯುತ್ತದೆ. ದಾವಣಗೆರೆಯ ಹಳೆಯ ಬೀದಿಯೊಂದರಲ್ಲಿ ಎಪ್ಪತ್ತೆಂಟು ವರ್ಷದ ಶ್ರಾವಿಕೆಯೊಬ್ಬರು ಒಬ್ಬರೇ ಇದ್ದಾರೆ. ಹರಿಹರದಿಂದ ಇನ್ನೊಬ್ಬ ಶ್ರಾವಿಕೆ ಪ್ರತಿ ಚತುರ್ದಶಿಯ ಅಪರಾಹ್ನ ಬಸ್ಸಿನಲ್ಲಿ ಬಂದು ಅವರೊಡನೆ ಎರಡು ಗಂಟೆ ಕೂರುತ್ತಾಳೆ. ಬಂದವಳಿಗೆ ಉಪವಾಸ, ಮನೆಯಾಕೆಗೆ ಏಕಭುಕ್ತ. ಒಬ್ಬರೇ ಉಣ್ಣಲು ಮನಸ್ಸಾಗದೆ, ಎದುರಿಗೆ ಒಬ್ಬರು ಕುಳಿತಿರಲೆಂದು, ಆ ವೃದ್ಧೆ ತಮ್ಮ ಒಂದು ಹೊತ್ತಿನ ಊಟವನ್ನು ಆ ಹೊತ್ತಿಗೇ ಇಟ್ಟುಕೊಂಡಿದ್ದಾರೆ. ಇದನ್ನು ಅವರು ಬಾಯಿಬಿಟ್ಟು ಹೇಳಿಲ್ಲ.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂದಿತು. ಹರಿಹರದ ಶ್ರಾವಿಕೆ ಹತ್ತು ದಿನಗಳ ಉಪವಾಸವನ್ನು ಕೈಗೊಂಡಳು. ಅನಂತ ಚತುರ್ದಶಿಯಂದು ಅವಳಿಗೆ ಸನ್ಮಾನ, ಮೆರವಣಿಗೆ, ಬಂಧುಬಳಗದ ಸಂಭ್ರಮ. ದಾವಣಗೆರೆಯ ಮನೆಗೆ ಹೇಳಿಕಳುಹಿಸುವುದು ಆ ಸಡಗರದಲ್ಲಿ ಮರೆತುಹೋಯಿತು. ವೃದ್ಧೆ ಅಕ್ಕಿ ತೊಳೆದಿಟ್ಟು, ನೀರನ್ನು ಕಾಯಿಸಿ ಆರಿಸಿ, ಬಾಗಿಲನ್ನು ತೆರೆದಿಟ್ಟು ಕಾದರು. ಇನ್ನು ಬಂದಾಳು, ಈಗ ಬಂದಾಳು ಎನ್ನುವಷ್ಟರಲ್ಲಿ ಸೂರ್ಯನು ಮುಳುಗಿದನು. ಅರವತ್ತು ವರ್ಷಗಳಿಂದ ರಾತ್ರಿಭೋಜನವನ್ನು ಕಾಣದ ಜೀವ ಅದು. ತೊಳೆದ ಅಕ್ಕಿಯನ್ನು ಮುಚ್ಚಿಟ್ಟು ಮಲಗಿದರು.

ಆ ದಿನ ಇಬ್ಬರೂ ನಿರಾಹಾರಿಗಳಾಗಿದ್ದರು. ಒಬ್ಬಳ ಉಪವಾಸವನ್ನು ಸಮಾಜವು ಕೊಂಡಾಡಿತು. ಇನ್ನೊಬ್ಬರ ಹಸಿವು ಆ ಕೊಂಡಾಟದ ನಡುವಿನ ಒಂದು ಮರೆವಿನಿಂದ ಹುಟ್ಟಿತು. ಮೊದಲನೆಯವಳ ತಪಸ್ಸು ವ್ಯರ್ಥವೆಂದು ಹೇಳುವುದು ಅವಿಚಾರ. ಆದರೆ ಒಂದು ವ್ರತವನ್ನು ಪಾಲಿಸುವಾಗ ಇನ್ನೊಂದರಲ್ಲಿ ದೋಷವಾಯಿತೆಂಬುದನ್ನು ಅಲ್ಲಗಳೆಯುವುದೂ ಆಗದು. ಸಮಂತಭದ್ರ ಸ್ವಾಮಿಗಳು ವೈಯಾವೃತ್ಯಕ್ಕೆ ಹೇಳಿದ ಐದು ಅತಿಚಾರಗಳು ಹರಿತಪಿಧಾನ, ಹರಿತನಿಧಾನ, ಅನಾದರ, ಅಸ್ಮರಣ, ಮಾತ್ಸರ್ಯ. ಅಸ್ಮರಣವೆಂದರೆ ಮರೆಯುವುದು. ಮರೆವನ್ನು ಲೋಕವು ಕ್ಷಮಿಸುತ್ತದೆ. ವ್ರತಶಾಸ್ತ್ರವು ಅದನ್ನು ದೋಷಗಳ ಸಾಲಿನಲ್ಲಿ ನಿಲ್ಲಿಸಿದೆ. ಕಾಯುವವರಿದ್ದಾಗ ಮರೆವು ಬರಿಯ ಮರೆವಾಗಿ ಉಳಿಯುವುದಿಲ್ಲ ಎಂಬುದನ್ನು ಆಚಾರ್ಯರು ಬಲ್ಲರು.

ಹೀಗಾದಾಗ ಪ್ರಾಯಶ್ಚಿತ್ತವೇನು? ಇನ್ನೊಂದು ಉಪವಾಸವಂತೂ ಅಲ್ಲ. ಅದರಿಂದ ವೃದ್ಧೆಗೆ ದೊರೆಯುವುದೇನೂ ಇಲ್ಲ. ಪಾರಣೆಯ ಬಳಿಕ ಹೋಗಿ, ನೆವಗಳನ್ನು ಹೇಳದೆ, ‘ಅಮ್ಮಾರೇ, ಮರೆತೆ, ತಪ್ಪಾಯ್ತು’ ಎಂದು ಒಪ್ಪಿಕೊಳ್ಳುವುದು ಆಲೋಚನೆಯೆಂಬ ಮೊದಲ ಪ್ರಾಯಶ್ಚಿತ್ತಕ್ಕೆ ಒಪ್ಪುವ ನಡತೆ. ಎರಡನೆಯದಾಗಿ, ನಿರ್ಯಾಪಕರ ವಿಧಿಯನ್ನು ನೆನೆದು, ಒಬ್ಬ ಹಿರಿಯರಿಗೆ ಕಡೆಯ ಪಕ್ಷ ಇಬ್ಬರಾದರೂ ಒಡನಾಡಿಗಳಿರುವಂತೆ ಏರ್ಪಡಿಸಬೇಕು. ಒಬ್ಬರು ಯಾತ್ರೆಗೆ ಹೋದರೆ, ಕಾಯಿಲೆ ಬಿದ್ದರೆ, ಇನ್ನೊಬ್ಬರು ಹೋಗಬೇಕು. ಅಷ್ಟಮಿ, ಚತುರ್ದಶಿಗಳು ಸೇರಿ ತಿಂಗಳಿಗೆ ನಾಲ್ಕು ಪರ್ವದಿನಗಳಿವೆ. ಪ್ರೋಷಧವ್ರತಿಗಳು ಆ ದಿನಗಳಲ್ಲಿ ಅಡುಗೆ ಮತ್ತು ವ್ಯಾಪಾರಗಳಿಂದ ಬಿಡುವು ಪಡೆದಿರುತ್ತಾರೆ. ಸಾಮಾಯಿಕ ಸ್ವಾಧ್ಯಾಯಗಳಿಗೆ ಕೊರತೆಯಾಗದಂತೆ ಒಂದು ಗಂಟೆಯನ್ನು ಇದಕ್ಕೆ ಮೀಸಲಿಡುವುದು ಕಷ್ಟವಲ್ಲ. ಸ್ವಾಧ್ಯಾಯವನ್ನೇ ಆ ಹಿರಿಯರ ಮುಂದೆ ಕುಳಿತು ಓದಿದರೆ, ಕಣ್ಣು ಮಂಜಾದವರಿಗೆ ಅದು ಶಾಸ್ತ್ರದಾನವೂ ಆಗುತ್ತದೆ. ಹೋಗಲಾರದೆಂದು ತೋರಿದರೆ ಆರಂಭಿಸದಿರುವುದೇ ಲೇಸು. ಯಾರೂ ಬಾರದ ಮನೆಗಿಂತ, ಬರುತ್ತಿದ್ದವರು ನಿಂತುಹೋದ ಮನೆ ಹೆಚ್ಚು ಬರಿದಾಗಿರುತ್ತದೆ.

ಇಂಥ ಒಡನಾಟದಲ್ಲಿ ಅಪಾಯಗಳೂ ಇವೆ. ಅವುಗಳಿಗೆ ಹೊಸ ನಿಯಮಗಳನ್ನು ರಚಿಸಬೇಕಿಲ್ಲ. ಸತ್ಯಾಣುವ್ರತಕ್ಕೆ ತತ್ವಾರ್ಥಸೂತ್ರವು ಹೇಳಿದ ಐದು ಅತಿಚಾರಗಳೇ ಸಾಕು. ತಿಳಿಯದ ವಿಷಯದಲ್ಲಿ ಬುದ್ಧಿ ಹೇಳಿ ವೈದ್ಯರ ಔಷಧವನ್ನು ಬಿಡಿಸುವುದು ಮಿಥ್ಯೋಪದೇಶಕ್ಕೆ ಸಮಾನ. ಸೊಸೆಯ ವಿಷಯವಾಗಿ ಹಿರಿಯರು ನಂಬಿ ಆಡಿದ ಮಾತನ್ನು ಬಸದಿಯ ಜಗುಲಿಯಲ್ಲಿ ಬಿಚ್ಚುವುದು ರಹೋಭ್ಯಾಖ್ಯಾನ. ಅರ್ಥವಾಗದ ಕಾಗದಕ್ಕೆ ಹೆಬ್ಬೆರಳು ಒತ್ತಿಸುವುದು ಕೂಟಲೇಖಕ್ರಿಯೆಯ ದಾರಿ. ಮುಖಚರ್ಯೆಯಿಂದ ಮನೆಯವರ ಅಂತರಂಗವನ್ನು ಊಹಿಸಿ ಅಸೂಯೆಯಿಂದ ಹೊರಗೆಡಹುವುದು ಸಾಕಾರಮಂತ್ರಭೇದ. ನ್ಯಾಸಾಪಹಾರಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ವಿವರಣೆಯಂತೂ ಮುಪ್ಪಿನವರಿಗೆಂದೇ ಬರೆದಂತಿದೆ: ಒತ್ತೆಯಿಟ್ಟವನು ಲೆಕ್ಕವನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ಹೌದು ಅಷ್ಟೇ ಎಂದು ಒಪ್ಪಿಬಿಡುವುದು. ನೆನಪು ಮಾಸುತ್ತಿರುವ ಹಿರಿಯರೊಡನೆ ಹಣಕಾಸಿನ ವ್ಯವಹಾರವನ್ನೇ ಇಟ್ಟುಕೊಳ್ಳದಿರುವುದು, ಕಾಣಿಕೆಗಳನ್ನು ಸ್ವೀಕರಿಸದಿರುವುದು, ಮಕ್ಕಳಿಗೆ ತಿಳಿದಿರುವಂತೆಯೇ ಹೋಗಿಬರುವುದು ಕ್ಷೇಮ.

ಇದರಿಂದ ಮಕ್ಕಳ ಹೊಣೆ ಇಳಿಯುವುದಿಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ ಪ್ರಕಾರ, ಕೈಬಿಟ್ಟ ಮಕ್ಕಳಿಂದ ಪೋಷಣೆಯ ವೆಚ್ಚವನ್ನು ಕೇಳಿ ಹಿರಿಯರು ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಕಿರುಕುಳ, ಅನಾಥಸ್ಥಿತಿಗಳಿದ್ದರೆ 14567 ಸಂಖ್ಯೆಯ ಹಿರಿಯರ ಸಹಾಯವಾಣಿಯಿದೆ. ಇವುಗಳನ್ನು ಒಡನಾಡಿಗಳು ತಿಳಿದಿರಬೇಕು. ಆದರೆ ಕಾಯ್ದೆಯಿಂದ ಅನ್ನಕ್ಕೆ ಹಣ ಬರಬಹುದು. ಉಣ್ಣುವಾಗ ಎದುರಿಗೆ ಕುಳಿತಿರುವವರು ಬರುವುದಿಲ್ಲ.

ಕಡೆಯದಾಗಿ ಒಂದು ಮಾತು ಉಳಿಯುತ್ತದೆ. ಹೀಗೆ ಹೋಗುತ್ತಿದ್ದ ಮನೆಯ ಹಿರಿಯರು ಒಂದು ದಿನ ಇಲ್ಲವಾಗುತ್ತಾರೆ. ಹೋಗುತ್ತಿದ್ದವರಿಗೆ ಆಗ ದುಃಖವಾಗುತ್ತದೆ; ರಾಗವನ್ನು ಬೆಳೆಸಿಕೊಂಡುದು ತಪ್ಪಾಯಿತೇ ಎಂಬ ಶಂಕೆಯೂ ಹುಟ್ಟಬಹುದು. ಏಕತ್ವಾನುಪ್ರೇಕ್ಷೆಗೆ ತಕ್ಕ ಹೊತ್ತು ಅದು. ಆ ಜೀವವು ತನ್ನ ಕರ್ಮದೊಡನೆ ಒಂಟಿಯಾಗಿಯೇ ಹೊರಟಿತು, ತಾನೂ ಒಂದು ದಿನ ಹಾಗೆಯೇ ಹೊರಡಬೇಕು ಎಂಬುದನ್ನು ಶ್ರಾವಕನು ಆಗ ಪುಸ್ತಕದಿಂದಲ್ಲ, ಕಂಡುದರಿಂದ ಅರಿಯುತ್ತಾನೆ. ಹೊರಡುವ ತನಕ ಆ ಜೀವವು ಒಂಟಿಯಾಗಿರದಂತೆ ನೋಡಿಕೊಂಡವನಿಗೆ ಆ ಭಾವನೆಯನ್ನು ಭಾವಿಸುವ ಅಧಿಕಾರವಿದೆ. ಮುಂಬರುವ ಚತುರ್ದಶಿಯಂದು ದೇವದರ್ಶನವನ್ನು ಮುಗಿಸಿ ಮನೆಗೆ ಮರಳುವ ಶ್ರಾವಕ ಶ್ರಾವಿಕೆಯರು, ದಾರಿಯಲ್ಲಿ ತೆರೆದಿರುವ ಬಾಗಿಲು ಯಾವುದೆಂದು ಒಮ್ಮೆ ನೋಡಿಕೊಳ್ಳಲಿ.